ಬಂದಂಗಾಗಿ ಬರದ ಸೀನು

ಹುಬ್ಬಳ್ಳಿ ಹಳೇ ಬಸ್‌ಸ್ಟ್ಯಾಂಡಿನ ಹೊರಗ
ಹಾಸಿದ ಪ್ಲಾಸ್ಟಿಕ್ ಹಾಳಿ ಮ್ಯಾಲ
ರೇಲ್ವೆ ಪರೀಕ್ಷಾ ಗೈಡು, ಹಲ್ಲಿ ಶಕುನದ ಪುಸ್ತಕ, ಇವುಗಳ ನಡುವ
ಬಿದ್ದಿತ್ತು. ಮೂವತ್ತು ರೂಪಾಯಿ.
ಬ್ಯಾಡಗಿ ಮುಟ್ಟೂದ್ರಾಗ ಐವತ್ತು ಪುಟ ಆಗಿದ್ವು,
ಎರಡು ಸಲ ನಕ್ಕಿದ್ದೆ,
ಒಂದು ಸಲ ಯಾಕಂತ ಗೊತ್ತಿತ್ತು.

ಕತಿ ಏನಂದ್ರ,
ಒಬ್ಬಾಂವ ಮಗ್ಗಲ ಊರಿಂದ ಇಸಕೊಂಡ ಏಣಿ
ತಿರುಗಿ ಕೊಡಾಕ ಹೊಂಡತಾನ.
ಮುನ್ನೂರಾ ಹನ್ನೆರಡು ಪುಟ ನಡದ್ರೂ ಆ ಊರು ಬರಂಗಿಲ್ಲ.
ದಾರ್ಯಾಗ ಏಣಿಗೆ ಕಂದಾಯ ಹಾಕತಾರ,
ಯಾರದೋ ಮದಿವ್ಯಾಗ ಅದನ್ನ ಬೀಗರ ಸಾಲಿನ್ಯಾಗ ಕೂಡ್ರಸತಾರ,
ತಾಲೂಕ ಕಚೇರಿಯೊಳಗ ಒಂದು ಎತ್ತು
ಹೆಡ್‌ಕ್ಲಾರ್ಕ್ ಆಗಿ ಕುಂತಿರತೈತಿ.
ಯಾರೂ ತಕರಾರು ಮಾಡಂಗಿಲ್ಲ,
ಫೈಲು ಸರೀಲಿಕ್ಕತ್ತಾವಲ್ಲ!

ನಾನು ಮೆಣಸಿನಕಾಯಿ ದಲಾಲಿ ಅಂಗಡ್ಯಾಗ ತೂಕದ ಗುಮಾಸ್ತ.
ಚೀಲ ಇಡೂದು, ಚೀಲದ ತೂಕ ಕಳಿಯೂದು, ಬರಿಯೂದು.
ಮೂವತ್ತೊಂದು ವರ್ಷದಾಗ
ತೂಕಕ್ಕ ಬರದ ಮಾಲು ನೋಡಿರಲಿಲ್ಲ.

"ಏನ್ ಓದತಿ ಕೊಟ್ರಬಸಣ್ಣಾ, ಒಬ್ಬಾವನ ನಗತಿ?"
ತೊಟ್ಟು ಬಿಡಸೂ ಹೆಣ್ಮಕ್ಕಳು ಕೇಳಿದ್ರು.
ಮಧ್ಯಾಹ್ನ ಬುತ್ತಿ ಬಿಚ್ಚೂ ಹೊತ್ತಿಗೆ ಓದಿ ಹೇಳಾಕ ಹತ್ತಿದೆ.
ಕೆಂಪು ರಾಶಿ ಸುತ್ತ ಹನ್ನೊಂದು ಮಂದಿ,
ಸೆರಗಿಲೆ ಮೂಗು ಕಟ್ಟಿಕೊಂಡು.
ಕಣ್ಣಾಗ ನೀರು ಬಂದ್ರ
ಖಾರಕ್ಕ ಬಂತೋ, ನಗೀಗೆ ಬಂತೋ,
ಪಗಾರ ಇಲ್ಲದ ಆ ಎತ್ತಿನ ಮ್ಯಾಲ ಕನಿಕರಕ್ಕ ಬಂತೋ
ಹೆಂಗ ಹೇಳೂದು?

"ಏಣಿ ಅಂದ್ರ ಗಂಡ," ಅಂದ್ಲು ಫಕೀರವ್ವ,
"ಹೊರಾಕ ಆಗಂಗಿಲ್ಲ, ಒಗ್ಯಾಕ ಆಗಂಗಿಲ್ಲ,
ಹಚ್ಚಿ ಹತ್ತಬೇಕಂದ್ರ ಎಲ್ಲೂ ಗ್ವಾಡಿ ಇಲ್ಲ."
"ಗಂಡ ಅಲ್ಲಬೇ, ಆತ್ಮ. ಮಠದಾಗ ಕೇಳೀನಿ," ಹನಮವ್ವ.
ಮಾಬೂಬಿ ಪಟಕ್ಕನ ತೊಟ್ಟು ಮುರದ್ಲು:
"ಏಣಿ ಅಂದ್ರ ಏಣಿ.
ನಮ್ಮನ್ಯಾಂದು ಒಯ್ದಾವ್ರು ಇನ್ನಾ ಕೊಟ್ಟಿಲ್ಲ."

ಪುಟ ನೂರಾ ಎಂಟು.
ರಾತ್ರಿ ಅಂವ ಏಣಿ ಬಯಲಾಗ ಅಡ್ಡ ಹಾಸಿ
ಎರಡು ಮೆಟ್ಟಲ ನಡುವ ಮಲಗತಾನ,
'ಈಗ ಮ್ಯಾಲೂ ಇಲ್ಲ, ಕೆಳಗೂ ಇಲ್ಲ' ಅಂತಾನ.
ಅಲ್ಲಿ ಏನೋ ಬಂದಂಗ ಆತು.
ಮೂಗಿನ ಬುಡಕ್ಕ ಬಂತು,
ಕಣ್ಣು ಮುಚ್ಚಿದೆ, ಬಾಯಿ ತೆರದೆ, ಉಸುರು ಹಿಡದೆ
ಹೋತು.
ಮೆಣಸಿನಕಾಯಿ ಊರಿನಾವ್ರಿಗೆ ಗೊತ್ತಿರತೈತಿ:
ಬಂದ ಸೀನು ಬಂದು ಹೋಗತೈತಿ,
ಬಂದಂಗಾಗಿ ಬರದ ಸೀನು
ಸಂಜೀತನಕ ಮಾರಿಯೊಳಗ ಕುಂತಿರತೈತಿ.

ನನಕಿಂತ ಮೊದಲ ಓದಿದಾಂವ ಯಾರೋ
ಪೆನ್ಸಿಲ್ ಆಡಿಸಿದ್ದ.
ಪುಟ ನಲವತ್ತೊಂದು: 'ಹಹ್ಹ'.
ನೂರಾ ಹನ್ನೆರಡು: 'ಯಾಕ?'
ಎರಡನೂರು ದಾಟಿದ ಮ್ಯಾಲ ಬರೇ ಒಂದು ಚಹಾದ ಕಲಿ.
ಕಡೀ ಪುಟದ ತಳಕ್ಕ, ಸಣ್ಣ ಅಕ್ಷರದಾಗ:
'ತಿಳೀತು.'

ಅಷ್ಟ.
ಏನು ತಿಳೀತಂತ ಇಲ್ಲ, ಹೆಸರಿಲ್ಲ, ತಾರೀಖಿಲ್ಲ.
ಆ ರಾತ್ರಿ ಹೊಟ್ಟಿಕಿಚ್ಚಿಲೆ ನನಗ ನಿದ್ದಿ ಬರಲಿಲ್ಲ.

ಮರುದಿನ ತೋರಿಸಿದೆ.
ಓದಾಕ ಬರದ ಮಾಬೂಬಿ ಆ ಅಕ್ಷರದ ಮ್ಯಾಲ ಬಟ್ಟು ಇಟ್ಟು
"ತಿಳದಿದ್ರ ಯಾಕ ಮಾರತಿದ್ದ?" ಅಂದ್ಲು.
"ತಿಳದದ್ದಕ್ಕ ಮಾರ್ಯಾನ," ಅಂದ್ಲು ಹನಮವ್ವ.
ಎರಡೂ ಖರೇ ಅನಿಸಿ
ಪುಸ್ತಕ ಒಯ್ದು ಕಾಟಾದ ಮ್ಯಾಲ ಇಟ್ಟೆ.
ನಾಕನೂರು ಗ್ರಾಂ ಅಂತು, ಸೊನ್ನಿ ಅಂತು,
ಮತ್ತ ನಾಕನೂರು, ಮತ್ತ ಸೊನ್ನಿ.
ಕ್ವಿಂಟಲ್ ತೂಗೂ ಕಾಟಾಕ್ಕ
ಅದು ಐತೋ ಇಲ್ಲೋ ಅನ್ನೂದ ಖಾತ್ರಿ ಇಲ್ಲ.

ಈಗ ಎರಡನೇ ಸಲ ಓದಾಕ ಹಿಡದೀನಿ.
'ಹಹ್ಹ' ಅಂತ ಇದ್ದಲ್ಲಿ ನಗಿ ಬರಲಿಲ್ಲ.
'ಯಾಕ?' ಅಂತ ಇದ್ದಲ್ಲಿ
ನಕ್ಕು ನಕ್ಕು ಪಾವತಿ ಪುಸ್ತಕ ಕೆಳಗ ಬಿತ್ತು.
ಕಡೀ ಪುಟದಾಗ
ಮಾಬೂಬಿ ಬಟ್ಟಿನ ಕೆಂಪು ಕುಂತೈತಿ,
ಮುಟ್ಟಿದ ಕೈಲೆ ಕಣ್ಣು ಒರಸಿಕೊಂಡ್ರ
ಉರೀತೈತಿ.

"ಏಣಿ ಎಲ್ಲೀತನಕ ಬಂತೋ?"
ಫಕೀರವ್ವ ದಿನಾ ಕೇಳತಾಳ.
"ಬರಾಕ ಹತ್ತೈತಿ," ಅಂತೀನಿ.